ಗೋಡೆಗೆ ಅಂಟಿಸಿದ ಮುಖ

ಸುಜನ್ ತನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾನು ಎಂದು ತೃಪ್ತಿ ಎಂದೂ ಎಣಿಸಿರಲಿಲ್ಲ. ಕುಂಬಳೆ ಪೇಟೆಯಲ್ಲಿ, ಮೊಬೈಲ್ ರಿಪೇರಿಯವನ ಅಂಗಡಿಯ ಮೇಲೆ, ಅವಳದೊಂದು ಸಣ್ಣ ಡಿಟಿಪಿ ಸೆಂಟರ್. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಪೋಸ್ಟರು, ಎಲ್ಲ ಅಲ್ಲಿ ಆಗುತ್ತಿತ್ತು. 2015ರ ಜನವರಿಯ ಒಂದು ಬೆಳಿಗ್ಗೆ ಯಾವುದೋ ಗೃಹಪ್ರವೇಶದ ಆಮಂತ್ರಣಕ್ಕೆ ಗಣಪತಿಯ ಚಿತ್ರ ಕೂರಿಸುತ್ತಿದ್ದವಳು ಅತ್ತರಿನ ವಾಸನೆಗೆ ತಲೆ ಎತ್ತಿದಳು. ಬಾಗಿಲಲ್ಲಿ ಸುಜನ್ ನಿಂತಿದ್ದ. ಅವನ ಹಿಂದೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡ ಗಡ್ಡದ ಯುವಕನೊಬ್ಬ.

"ಗುರುತು ಸಿಕ್ಕಿತಾ ತೃಪ್ತಿ?" ಎಂದ ಸುಜನ್.

ಸಿಗದೆ ಇದ್ದೀತೇ? ಏಳು ವರ್ಷಗಳಿಂದ ಆ ಮುಖವನ್ನು ಅವಳು ಒಂದು ದಿನವೂ ಮರೆತವಳಲ್ಲ.

ಅವಳ ಅಣ್ಣ ವಿಜೇತ್ ಮತ್ತು ಈ ಸುಜನ್ ಒಂದು ಕಾಲದ ಜೀವದ ಗೆಳೆಯರು. ಸುಜನ್ ಶಿರಿಯದ ದೊಡ್ಡ ಮನೆಯವನು, ಮೀಂಜದಲ್ಲಿ ತೋಟವಿದ್ದ ಸುಕುಮಾರಣ್ಣನ ಒಬ್ಬನೇ ಮಗ. ಆದರೂ ಮೊಗ್ರಾಲಿನ ಇವರ ಹಂಚಿನ ಮನೆಗೆ ಬಾರದ ದಿನವಿರಲಿಲ್ಲ. ತಾಯಿ ಲೋಲಾಕ್ಷಿ ಬೀಡಿ ಕಟ್ಟುವುದನ್ನು ಬಿಟ್ಟು ಎದ್ದು ಅವನಿಗೆ ಚಹಾ ಮಾಡಿ ಕೊಡುತ್ತಿದ್ದಳು. ಏಳು ವರ್ಷಗಳ ಹಿಂದೆ ಒಂದು ಸಂಜೆ ಶಿರಿಯದ ಯುವಕ ಸಂಘಕ್ಕೆ ಹೊಸ ಕೇರಂ ಬೋರ್ಡು ಒಯ್ಯಲಿಕ್ಕಿತ್ತು. ಸುಜನ್ ಹೊಸ ಬೈಕಿನಲ್ಲಿ ಬಂದಿದ್ದ. ಅವನು ಕುಡಿದದ್ದು ಕಣ್ಣಲ್ಲೇ ಕಾಣುತ್ತಿತ್ತು. ತೃಪ್ತಿ ಗೇಟಿನ ಹತ್ತಿರ ನಿಂತು ನೋಡಿದ್ದಳು: ಅಣ್ಣ ಹಿಂದೆ ಕುಳಿತು, ಬೋರ್ಡನ್ನು ಎರಡೂ ಕೈಗಳಿಂದ ಎದೆಗೆ ಅಪ್ಪಿ ಹಿಡಿದುಕೊಂಡು, "ಬಾಗಿಲು ಹಾಕು, ನಾಯಿ ಬರ್ತದೆ" ಎಂದು ಕೂಗಿ ಹೋಗಿದ್ದ. ಶಿರಿಯ ಸೇತುವೆಯ ಹತ್ತಿರ ಬೈಕು ನಿಂತ ಲಾರಿಯೊಂದಕ್ಕೆ ಹೊಡೆಯಿತು. ವಿಜೇತ್ ಅಲ್ಲೇ ಹೋದ. ಸುಜನನಿಗೆ ಮೊಣಕೈ ತರಚಿತ್ತು, ಅಷ್ಟೆ.

ಮರುದಿನ ಸುಜನ್ ಕೊಟ್ಟ ಹೇಳಿಕೆ ಬೇರೆಯೇ ಇತ್ತು. ದಾರಿಯಲ್ಲಿ ವಿಜೇತ್ ಹಟ ಮಾಡಿ ಕೀಲಿ ಕಿತ್ತುಕೊಂಡ, ಲೈಸನ್ಸ್ ಇಲ್ಲದೆ ಓಡಿಸಿದ, ತಾನು ಹಿಂದೆ ಕೂತಿದ್ದೆ. ತೃಪ್ತಿ ಠಾಣೆಗೆ ಹೋಗಿ ಕೇರಂ ಬೋರ್ಡಿನ ಕಥೆ ಹೇಳಿದಳು. ಬರೆದುಕೊಳ್ಳುವವನು ಪೆನ್ನನ್ನೇ ತೆಗೆಯಲಿಲ್ಲ. ಸತ್ತವನೇ ಆರೋಪಿಯಾದ ಮೇಲೆ ಕೇಸು ತಾನಾಗಿ ಮುಗಿಯಿತು. ಊರು ಆ ಮಾತನ್ನೇ ನಂಬಿತು. ಲೋಲಾಕ್ಷಿ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದರೆ ಸಾಲಿನಲ್ಲಿ ನಿಂತ ಹೆಂಗಸರ ಮಾತು ನಿಂತುಬಿಡುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ತೃಪ್ತಿಯನ್ನು ಸುಟ್ಟದ್ದು ಇನ್ನೊಂದು. ಬೊಜ್ಜದ ಉತ್ತರಕ್ರಿಯೆ ಮುಗಿದ ಮರುದಿನ ಸುಜನನ ತಾಯಿ ಜಲಜಾಕ್ಷಿ ಮನೆಗೆ ಬಂದಳು. ಲೋಲಾಕ್ಷಿಯ ಕೈ ಹಿಡಿದು, "ಸಮಾಧಾನ ಮಾಡಿಕೊ ಲೋಲಾಕ್ಷಿ. ನಿನ್ನ ಮಗನ ಮೇಲೆ ನಮಗೆಂತ ಸಿಟ್ಟಿಲ್ಲ" ಎಂದಳು. ಲೋಲಾಕ್ಷಿ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತ ತೃಪ್ತಿಗೆ ಜಲಜಾಕ್ಷಿಯ ಕೈಯನ್ನು ಕಚ್ಚಬೇಕೆನಿಸಿತ್ತು.

ಅನಂತರ ಸುಜನ್ ಶಾರ್ಜಾಕ್ಕೆ ಹೋದ. ಈಗ ತಂದೆಯ ವರ್ಷಾಂತಿಕಕ್ಕೆಂದು ಬಂದವನು ಹೀಗೆ ಎದುರು ನಿಂತಿದ್ದ.

"ಇವರು ಪ್ರವೀತ್, ಡೈರೆಕ್ಟರ್. ಮಂಗಳೂರಿನವರು," ಎಂದು ಸುಜನ್ ಕುರ್ಚಿ ಎಳೆದು ಕುಳಿತ. "ನಾವೊಂದು ಶಾರ್ಟ್ ಫಿಲ್ಮ್ ಮಾಡ್ತಾ ಇದ್ದೇವೆ. ವಿಜೇತನ ನೆನಪಿಗೆ. ಕೊನೆಗೆ ಅವನ ಹೆಸರು ಹಾಕ್ಲಿಕ್ಕುಂಟು. 'ಹಿಂದಿನ ಸೀಟು' ಅಂತ ಟೈಟಲ್."

ತೃಪ್ತಿ ಕೀಬೋರ್ಡಿನಿಂದ ಕೈ ತೆಗೆದಳು. "ಹಿಂದಿನ ಸೀಟಲ್ಲಿ ಯಾರು?"

"ನಾನೇ ಮಾರಾಯ್ತಿ, ಮತ್ತೆ ಯಾರು? ಗೆಳೆಯ ಕಣ್ಣೆದುರೇ ಹೋದ ಮೇಲೆ ಒಬ್ಬನ ಮನಸ್ಸು ಹೇಗಿರ್ತದೆ, ಅದು ಕಥೆ."

ಪ್ರವೀತನಿಗೆ ಊರಿನ ಹಿಂದುಮುಂದು ಏನೂ ತಿಳಿದಿರಲಿಲ್ಲ. ಅವನು ಉತ್ಸಾಹದಿಂದ ಬೇಕಾದದ್ದನ್ನು ವಿವರಿಸಿದ. ಅಪಘಾತದ ಸುದ್ದಿ ಇರುವ ಹಳೆಯ ದಿನಪತ್ರಿಕೆ, ಠಾಣೆಯ ಮೊಹರಿನ ಕಾಗದ, ಗೋಡೆಗೆ ಅಂಟಿಸುವ ಶ್ರದ್ಧಾಂಜಲಿ ಪೋಸ್ಟರು. "ಕಲಾ ವಿಭಾಗಕ್ಕೆ ಅಂತ ನಮ್ಮಲ್ಲಿ ಎಂತ ಇಲ್ಲ ಅಕ್ಕ, ನೀವೇ ವಿಭಾಗ. ಕ್ಯಾಮೆರಾ ಹತ್ತಿರ ಹೋದರೂ ಸುಳ್ಳು ಅಂತ ಗೊತ್ತಾಗಬಾರದು."

"ತೃಪ್ತಿಯೇ ಮಾಡಬೇಕು ಅಂತ ನಾನು ಹೇಳಿದ್ದು," ಎಂದ ಸುಜನ್. ಆಮೇಲೆ ದನಿ ತಗ್ಗಿಸಿ, "ಹಳೆಯದೆಲ್ಲ ಮನಸ್ಸಲ್ಲಿ ಇಟ್ಟುಕೊಳ್ಳಬೇಡ. ವಿಜೇತ್ ಇದ್ದಿದ್ದರೆ ಅವನಿಗೂ ಖುಷಿ ಆಗ್ತಿತ್ತು."

ಅವನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಸುಳ್ಳನ್ನು ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆ ಎಂದು ತೃಪ್ತಿಗೆ ಹೊಳೆಯಿತು. ಇನ್ನು ಅದು ಸಿನಿಮಾವಾದರೆ ಊರಿಗೂ ಕೊನೆಯವರೆಗೆ ಅದೇ ನಿಜ. ಮೆಟ್ಟಿಲಿನಿಂದ ಕೆಳಗೆ ನೂಕಬೇಕೆನ್ನಿಸಿದ ಕೈಗಳನ್ನು ಮೇಜಿನ ಅಡಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅವಳು, "ಮಾಡಿ ಕೊಡ್ತೇನೆ ಸುಜನಣ್ಣ" ಎಂದಳು.

ಹಾಗೆ ಕೆಲಸ ಶುರುವಾಯಿತು. ಮಾಡುವುದಾದರೆ ಯಾರೂ ಬೆರಳು ತೋರಿಸದ ಹಾಗೆ ಮಾಡಬೇಕು, ತನ್ನ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬರಬೇಕು ಎಂದು ಅವಳು ನಿಶ್ಚಯಿಸಿಕೊಂಡಳು. ಪರಿಚಯದ ಪ್ರೆಸ್ಸಿನಿಂದ ಖಾಲಿ ನ್ಯೂಸ್‌ಪ್ರಿಂಟ್ ಹಾಳೆ ತಂದಳು. ಅದು ತೀರಾ ತೆಳು, ಪ್ರಿಂಟರಿನೊಳಗೆ ಮುದ್ದೆಯಾಗಿ ಸಿಕ್ಕಿಬೀಳುತ್ತಿತ್ತು. ದಪ್ಪ ಹಾಳೆಗೆ ಅಂಚಿನಲ್ಲಿ ಟೇಪು ಹಚ್ಚಿ ಒಳಗೆ ಬಿಟ್ಟಾಗ ಸರಿಯಾಗಿ ಹೊರಬಂತು. ಹಿಂಬದಿಯನ್ನೂ ಖಾಲಿ ಬಿಡುವಂತಿಲ್ಲ, ಬೆಳಕಿಗೆ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಅಲ್ಲಿ ರಬ್ಬರ್ ಧಾರಣೆ, ಸೀರೆ ಅಂಗಡಿಯ ಜಾಹೀರಾತು, ಕಳೆದುಹೋದ ಎಮ್ಮೆಯ ಪ್ರಕಟಣೆ ಹಾಕಿದಳು. ಪತ್ರಿಕೆಗೆ ತಾನೇ ಒಂದು ಹೆಸರಿಟ್ಟಳು. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಇಸ್ತ್ರಿ ಹಾಕಿದಾಗ ಹಾಳೆಗೆ ಹತ್ತು ವರ್ಷದ ಬಣ್ಣ ಬಂತು. ಠಾಣೆಯ ಮೊಹರನ್ನು ಸವೆದ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಬ್ಲೇಡಿನಿಂದ ಕೊರೆದಳು. ನೇರಳೆ ಶಾಯಿಯಲ್ಲಿ ಸ್ವಲ್ಪ ಓರೆಯಾಗಿ ಒತ್ತಿದಾಗ ಅದು ಸಾಕ್ಷಾತ್ ಸರಕಾರಿ ಮೊಹರೇ.

ಆದರೆ ಸುದ್ದಿಯನ್ನು ಟೈಪು ಮಾಡುವಾಗ ಅವಳಿಗೆ ಕಷ್ಟವಾಯಿತು. 'ಗೆಳೆಯನ ಬೈಕ್ ಓಡಿಸಿದ ಯುವಕ ಸ್ಥಳದಲ್ಲೇ ಸಾವು.' ಚಿತ್ರಕಥೆಯಲ್ಲಿ ಸತ್ತವನ ಹೆಸರು ವಿನು ಎಂದಿತ್ತು. ಉಳಿದದ್ದೆಲ್ಲ ಅಂದು ಬಂದ ಸುದ್ದಿಯ ಹಾಗೆಯೇ. ಹಿಂದೆ ಯಾರೋ ಮಾಡಿದ ಸುಳ್ಳನ್ನು ಈಗ ತನ್ನ ಬೆರಳುಗಳೇ ಅಕ್ಷರ ಅಕ್ಷರವಾಗಿ ಜೋಡಿಸುತ್ತಿವೆ. ನಡುವೆ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಒಂದು ಅಕ್ಷರವನ್ನೂ ತಪ್ಪಿಸಲಿಲ್ಲ.

ಪ್ರವೀತ್ ಬಂದು ಹಾಳೆಗಳನ್ನು ಮುಟ್ಟಿ ನೋಡಿ ಬೆರಗಾದ. "ಅಕ್ಕ, ಇದನ್ನು ನಮ್ಮಜ್ಜಿಗೆ ಕೊಟ್ಟರೆ ಓದಿ ಅಳ್ತಾರೆ."

"ಮಡಚುವಾಗ ಸದ್ದಾಗ್ತದೆ, ಮೈಕಿಗೆ ಕೇಳ್ತದೆ. ಮೊದಲು ಸ್ವಲ್ಪ ನೀರು ಸಿಂಪಡಿಸಿ," ಎಂದಳು ತೃಪ್ತಿ. "ಪೋಸ್ಟರು ಯಾವ ದಿನಕ್ಕೆ ಬೇಕು?"

ಅದು ಮುಖ್ಯ ದೃಶ್ಯವಂತೆ. ಸುಜನ್ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಸ್ಸಿಳಿದು ಬರುತ್ತಾನೆ, ಗೋಡೆಯಲ್ಲಿ ಗೆಳೆಯನ ಪೋಸ್ಟರ್ ನೋಡುತ್ತಾನೆ, ಕುಸಿಯುತ್ತಾನೆ. ಪ್ರವೀತ್ ಅತ್ತಿತ್ತ ನೋಡಿ ಗುಟ್ಟಿನಲ್ಲಿ ಹೇಳಿದ: "ಹೇಳಬಾರದು, ಅವರಿಗೆ ಆ್ಯಕ್ಟಿಂಗ್ ಸ್ವಲ್ಪ ಕಮ್ಮಿ. ಅದಕ್ಕೆ ಪೋಸ್ಟರ್ ಮೊದಲೇ ತೋರಿಸುವುದಿಲ್ಲ. ಟೇಕ್‌ನಲ್ಲೇ ಮೊದಲ ಸಲ ನೋಡಲಿ. ಕ್ಯಾಮೆರಾ ಗೋಡೆ ಬದಿಯಿಂದ ಅವರ ಮುಖದ ಮೇಲೆ ಇರ್ತದೆ."

"ಆಯ್ತು," ಎಂದಳು ತೃಪ್ತಿ. ಅವನು ಹೋದ ಮೇಲೆ ಕಂಪ್ಯೂಟರಿನ ಎದುರು ಕುಳಿತಳು. ಏನು ಮಾಡಬೇಕೆಂದು ಆಗಲೇ ಗೊತ್ತಾಗಿತ್ತು.

ವಿನುವಿನ ಪಾತ್ರ ಮಾಡಿದ ಹುಡುಗನ ಫೋಟೋ ಹಾಕಿ ಕೇಳಿದ ಪೋಸ್ಟರನ್ನು ಅಚ್ಚುಕಟ್ಟಾಗಿ ಮುಗಿಸಿದಳು. ಆಮೇಲೆ ಇನ್ನೊಂದನ್ನು ತೆರೆದಳು. ಸಂಘದ ವಾರ್ಷಿಕೋತ್ಸವದ ಹಳೆಯ ಫೋಟೋ ಮನೆಯಲ್ಲಿತ್ತು. ವಿಜೇತ್ ಮತ್ತು ಸುಜನ್ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದು. ಅದರಿಂದ ಸುಜನನ ಮುಖವನ್ನು ಹೆಗಲಿನವರೆಗೆ ಕತ್ತರಿಸಿ ತೆಗೆದಳು. ಎಡ ಹೆಗಲ ಮೇಲೆ ಅಣ್ಣನ ಬೆರಳುಗಳು ಉಳಿದಿದ್ದವು. ಅಳಿಸುವುದಕ್ಕೆ ಮೌಸ್ ಒಯ್ದವಳು ತಡೆದಳು. ಇರಲಿ ಎಂದು ಬಿಟ್ಟಳು. ಮೇಲೆ ಮಲಯಾಳದಲ್ಲಿ ಆದರಾಂಜಲಿ, ಕೆಳಗೆ ಕನ್ನಡದಲ್ಲಿ ಶ್ರದ್ಧಾಂಜಲಿ, ಎರಡು ಬದಿಗೂ ದೀಪ, ಸುತ್ತ ಕಪ್ಪಂಚು. 'ಸುಜನ್, ಶಿರಿಯ.' ಬೇರೆ ಒಂದು ಮಾತಿಲ್ಲ. ಎರಡು ಪ್ರತಿ ತೆಗೆದಳು. ಯಂತ್ರದಿಂದ ಆ ಮುಖ ಮೆಲ್ಲಗೆ ಹೊರಬರುವಾಗ ಏಳು ವರ್ಷಗಳಲ್ಲಿ ಮೊದಲ ಬಾರಿ ಅವಳಿಗೆ ಹಸಿವಾಯಿತು. ಕೆಳಗಿನ ಹೋಟೆಲಿನಿಂದ ಗೋಳಿಬಜೆ ತರಿಸಿ, ಬಿಸಿಬಿಸಿಯಾಗಿ ಪೂರಾ ತಿಂದಳು.

ಶೂಟಿಂಗ್ ದಿನ ಬೆಳಿಗ್ಗೆ ಶಿರಿಯದಲ್ಲಿ ಇಳಿದ ಕೂಡಲೇ ಅವಳು ಒಂದು ಪೋಸ್ಟರನ್ನು ಸುಜನನ ಮನೆಗೆ ತಿರುಗುವ ಒಳದಾರಿಯ ಬಾಯಲ್ಲಿ, ಬಸ್ಸು ಕಾಯುವ ಶೆಡ್ಡಿನ ಗೋಡೆಗೆ ಅಂಟಿಸಿದಳು. ಸುಜನ್ ಆಗಲೇ ಮನೆ ಬಿಟ್ಟು ಶೂಟಿಂಗ್ ಜಾಗಕ್ಕೆ ಹೋಗಿಯಾಗಿತ್ತು. ಗೋಂದನ್ನು ನಾಲ್ಕು ಮೂಲೆಗೂ ಸಮನಾಗಿ ಹಚ್ಚಿದಳು. ಜಲಜಾಕ್ಷಿ ಅಂದು ಅಮ್ಮನ ಕೈ ಹಿಡಿದದ್ದು ನೆನಪಾಗುತ್ತಿತ್ತು, ಅಷ್ಟೇ ಸಾಕಿತ್ತು.

ಶೂಟಿಂಗಿಗೆ ಆರಿಸಿದ್ದು ಹೆದ್ದಾರಿಯ ಬದಿಯ ಮುಚ್ಚಿದ ಗೋದಾಮೊಂದರ ಗೋಡೆ. ಅಲ್ಲಿಂದ ಸೇತುವೆ ಕಾಣುತ್ತಿತ್ತು. ಮೀನು ಮಾರುವವರು, ಬಸ್ಸಿಗೆ ಕಾಯುವವರು, ಸಂಘದ ಹಳಬರು, ಎಲ್ಲ ಕುತೂಹಲದಿಂದ ಸುತ್ತ ನಿಂತಿದ್ದರು. ಸುಜನ್ ಆಚೆ ಕಾರಿನೊಳಗೆ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದ. ಅವನಿಲ್ಲದ ದೂರದ ದೃಶ್ಯವನ್ನು ಮೊದಲು ತೆಗೆದರು. ಅದರಲ್ಲಿ ವಿನುವಿನ ಪೋಸ್ಟರ್ ಗೋಡೆಯಲ್ಲಿ ಚೆನ್ನಾಗಿಯೇ ಕಂಡಿತು. ಆಮೇಲೆ ಪ್ರವೀತ್ ಕ್ಯಾಮೆರಾವನ್ನು ಗೋಡೆಯ ಮೂಲೆಗೆ ತಂದು ರಸ್ತೆಯತ್ತ ತಿರುಗಿಸಿದ.

"ಪೋಸ್ಟರಿನ ತುದಿ ಎದ್ದಿದೆ. ಹೊಸತು ಹಚ್ತೇನೆ," ಎಂದಳು ತೃಪ್ತಿ.

"ಬೇಗ ಮಾಡಿ ಅಕ್ಕ, ಬೆಳಕು ಹೋಗ್ತದೆ," ಎಂದ ಪ್ರವೀತ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಅವಳು ಹಚ್ಚಿದಳು. ಹಿಂದೆ ನಿಂತವರಲ್ಲಿ ಯಾರೋ "ಅಯ್ಯೋ, ಇದು..." ಎಂದರು. ಸಿನಿಮಾದಲ್ಲಿ ಹೀಗೇ ಇರಬಹುದು ಎಂದು ಪಕ್ಕದವನು ಸುಮ್ಮನಾಗಿಸಿದ. ಪ್ರವೀತ್ "ಆ್ಯಕ್ಷನ್" ಎಂದ.

ಸುಜನ್ ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಬಂದ. ಕಲಿಸಿಕೊಟ್ಟ ಹಾಗೆ ಗೋಡೆಯ ಎದುರು ನಿಂತ. ಕಣ್ಣೆತ್ತಿದ. ಅವನ ಮುಖದ ನೆತ್ತರು ಬತ್ತಿಹೋಯಿತು. ಚೀಲ ಜಾರಿ ಬಿತ್ತು. ತನ್ನ ಮುಖವನ್ನು, ಆಮೇಲೆ ಹೆಗಲ ಮೇಲಿನ ಬೆರಳುಗಳನ್ನು ನೋಡಿದ. ಬಲಗೈ ತನ್ನಷ್ಟಕ್ಕೆ ಎಡ ಹೆಗಲನ್ನು ಒರೆಸಿಕೊಂಡಿತು. ಹಿಂದೆ ಸರಿಯಲು ಹೋಗಿ ಎಡವಿ ಮಣ್ಣಿನಲ್ಲಿ ಕುಳಿತ.

ಕ್ಯಾಮೆರಾದ ಹಿಂದೆ ಪ್ರವೀತ್ ಉಸಿರು ಬಿಗಿಹಿಡಿದಿದ್ದ. ಸುಜನ್ ಇಷ್ಟು ಚೆನ್ನಾಗಿ ನಟಿಸಬಲ್ಲನೆಂದು ಅವನಿಗೆ ಗೊತ್ತಿರಲಿಲ್ಲ.

"ತೆಗೆಯಿರಿ ಅದನ್ನು," ಎಂದ ಸುಜನ್. ಯಾರೂ ಅಲುಗದಾಗ ಕಿರುಚಿದ, "ತೆಗೆಯಿರಿ ಅಂತ ಹೇಳಿದ್ದು!"

ತೃಪ್ತಿ ಮುಂದೆ ಬಂದು ಅವನೆದುರು ನಿಂತಳು. "ಯಾಕೆ ಸುಜನಣ್ಣ? ಸರಿಯಾಗಿ ಬರಲಿಲ್ಲವಾ?"

"ನಿನಗೆಂತ ಹುಚ್ಚಾ?"

"ಬೈಕ್ ಯಾರು ಓಡಿಸಿದ್ದು?"

"ಮುಗಿದ ಕಥೆ ಅದು. ಕೇಸೇ ಮುಗಿದಿದೆ." ಅವನು ನೆಲಕ್ಕೆ ಕೈಯೂರಿ ಹಿಂದಕ್ಕೆ ಸರಿದ.

"ಕೇಸು ಬೇಡ. ಬೈಕ್ ಯಾರು ಓಡಿಸಿದ್ದು, ಇವರಿಗೆ ಹೇಳು. ನನ್ನ ಅಣ್ಣನ ಕೈಯಲ್ಲಿ ಕೇರಂ ಬೋರ್ಡ್ ಇತ್ತಲ್ಲ. ಅವನು ಹ್ಯಾಂಡಲ್ ಯಾವ ಕೈಯಲ್ಲಿ ಹಿಡಿದ?"

ಸುಜನ್ ಸುತ್ತ ನೋಡಿ ನಗಲು ಪ್ರಯತ್ನಿಸಿದ. "ನೋಡಿ, ಇವಳಿಗೆ ಅಣ್ಣ ಹೋದಾಗಿನಿಂದ ತಲೆ ಸರಿ ಇಲ್ಲ..." ಜನ ಅವಳನ್ನೂ ಅವನನ್ನೂ ನೋಡಿದರು. ಒಂದು ಗಳಿಗೆ ತೃಪ್ತಿಗೆ ಎಲ್ಲ ಕೈತಪ್ಪಿತು ಎನಿಸಿತು. ಇವನು ಎದ್ದು ಅಂಗಿ ಕೊಡವಿಕೊಳ್ಳುತ್ತಾನೆ, ಊರು ಮತ್ತೆ ಇವನನ್ನೇ ನಂಬುತ್ತದೆ, ತಾನು ಹುಚ್ಚಿಯಾಗುತ್ತೇನೆ.

ಆಗಲೇ ಆಟೋವೊಂದು ಜನರ ಹಿಂದೆ ಬಂದು ಗಕ್ಕನೆ ನಿಂತಿತು. ಒಳಗಿಂದ ಜಲಜಾಕ್ಷಿ ಇಳಿದಳು. ಕಾಲಲ್ಲಿ ಚಪ್ಪಲಿಯಿಲ್ಲ, ಸೆರಗು ನೆಲ ಗುಡಿಸುತ್ತಿತ್ತು. ಒಳದಾರಿಯ ಪೋಸ್ಟರ್ ನೋಡಿದ ಯಾರೋ ಮನೆಗೆ ಓಡಿ ಸುದ್ದಿ ಮುಟ್ಟಿಸಿದ್ದರು. ಮಗನಿಗೆ ಫೋನ್ ಮಾಡಿದರೆ, ಶೂಟಿಂಗಿಗೆಂದು ಅದು ಬಂದ್ ಆಗಿತ್ತು. ಸೇತುವೆಯ ಹತ್ತಿರ ಜನ ಸೇರಿದ್ದಾರೆ ಎಂದು ಆಟೋದವನು ಹೇಳಿದ ಮೇಲೆ ಅವಳಿಗೆ ಸಂಶಯವೇ ಉಳಿದಿರಲಿಲ್ಲ. ಅವಳ ಕಣ್ಣಿಗೆ ಜನರ ಬೆನ್ನುಗಳು ಕಂಡವು, ಬೆನ್ನುಗಳ ಮೇಲಿನಿಂದ ಗೋಡೆಯ ಕಪ್ಪು ಚೌಕಟ್ಟಿನೊಳಗೆ ಮಗನ ಮುಖ ಕಂಡಿತು. ನೆಲದಲ್ಲಿ ಕುಳಿತ ಮಗ ಕಾಣಲಿಲ್ಲ.

ಅವಳು ಅಲ್ಲೇ ರಸ್ತೆಯಲ್ಲಿ ಮೊಣಕಾಲೂರಿದಳು. ಎರಡು ಕೈಗಳಿಂದಲೂ ಎದೆಗೆ ಬಡಿದುಕೊಂಡಳು.

"ನನ್ನ ದೈವವೇ! ಅದೇ ಸೇತುವೆಯಲ್ಲಿ ತೆಗೆದುಕೊಂಡೆಯಲ್ಲ! ಆ ಪಾಪದ ಹುಡುಗನ ಮೇಲೆ ಹಾಕಿದ್ದಕ್ಕೆ ನನ್ನ ಮಗನನ್ನೇ ತೆಗೆದುಕೊಂಡೆಯಲ್ಲ! ನಾನು ಅವರತ್ರ ಆವತ್ತೇ ಹೇಳಿದ್ದೆ, ಬೇಡ, ಸತ್ತವನ ಮೇಲೆ ಹಾಕಬೇಡಿ ಅಂತ. ನನ್ನ ಮಾತು ಕೇಳಲಿಲ್ಲ ತಂದೆ ಮಗ..."

ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಪ್ರವೀತ್ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದ್ದ. ಉದ್ದ ಕೋಲಿನ ತುದಿಯ ಮೈಕನ್ನು ಹಿಡಿದವನು ಅದನ್ನು ಇಳಿಸಲು ಮರೆತಿದ್ದ.

"ಅಮ್ಮ," ಎಂದ ಸುಜನ್, ನೆಲದಿಂದ.

ಜನ ದಾರಿ ಬಿಟ್ಟರು. ಜಲಜಾಕ್ಷಿ ಮಗನನ್ನು ಕಂಡಳು. ತೆವಳಿಕೊಂಡೇ ಹೋಗಿ ಅವನ ತಲೆ, ಕೆನ್ನೆ, ಕೈಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅಪ್ಪಿಕೊಂಡು ಅತ್ತಳು. ಆಮೇಲೆ ನಿಧಾನವಾಗಿ, ತಾನು ಏನು ಹೇಳಿದೆ, ಯಾರೆಲ್ಲ ಕೇಳಿದರು ಎಂಬುದು ಅವಳಿಗೆ ಅರಿವಾಗತೊಡಗಿತು. ಸುತ್ತ ನಿಂತ ಮುಖಗಳನ್ನು ಒಂದೊಂದಾಗಿ ನೋಡಿ ಕೊನೆಗೆ ತೃಪ್ತಿಯಲ್ಲಿಗೆ ಬಂದಳು.

"ನೀನಾ ಇದು ಮಾಡಿದ್ದು?"

"ನಾನೇ ಜಲಜಕ್ಕ."

"ತಾಯಿ ಜೀವ ಇದು. ಹೀಗೆ ಮಾಡ್ಬಹುದಾ ಮಗಾ?"

"ನಿಮ್ಮ ಮಗ ಈಗ ಎದ್ದು ನಿಮ್ಮ ಜೊತೆ ಮನೆಗೆ ಬರ್ತಾನೆ," ಎಂದಳು ತೃಪ್ತಿ. "ಊಟಕ್ಕೆ ಕೂತುಕೊಳ್ತಾನೆ. ನನಗೆ ನಿಮ್ಮ ಮೇಲೆಂತ ಸಿಟ್ಟಿಲ್ಲ."

ಅವಳು ಗೋಂದಿನ ಬಕೆಟು, ಕುಂಚ ಎತ್ತಿಕೊಂಡು ಹೊರಟಳು. ಪೋಸ್ಟರನ್ನು ತೆಗೆಯಲಿಲ್ಲ. ಸಂಘದ ಹಳಬನೊಬ್ಬ, ಮಹಾಗಣಪತಿ ಎಂಬವನು, ಅವಳಿಗೆ ದಾರಿ ಬಿಡುತ್ತಾ ತಲೆ ತಗ್ಗಿಸಿದ. ಅಂದು ಆ ಸಂಘದಲ್ಲಿ ವಿಜೇತನ ಫೋಟೋ ಗೋಡೆಗೆ ಬೇಡ ಎಂದು ಹೇಳಿದವನು ಅವನೇ.

ಸಿನಿಮಾ ಅಲ್ಲಿಗೇ ನಿಂತಿತು. ಪ್ರವೀತ್ ಅದನ್ನು ಮುಂದುವರಿಸಲು ಒಪ್ಪಲಿಲ್ಲ. ಆ ದಿನದ ಧ್ವನಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದು ತೃಪ್ತಿಯ ಮೇಜಿನ ಮೇಲಿಟ್ಟು, "ನನಗೆ ಮೊದಲೇ ಒಂದು ಮಾತು ಹೇಳಬಹುದಿತ್ತು ಅಕ್ಕ" ಎಂದು ಮಾತ್ರ ಹೇಳಿ ಹೋದ. ತೃಪ್ತಿ ಅದನ್ನು ಹಿಡಿದುಕೊಂಡು ಕಾಸರಗೋಡಿಗೆ ಹೋಗಿ ವಕೀಲರೊಬ್ಬರನ್ನು ಕಂಡಳು. ಇಷ್ಟು ವರ್ಷದ ಮೇಲೆ ಕೇಸು ತೆರೆಯುವುದು ಸುಲಭವಿಲ್ಲ ಎಂದು ಅವರು ಹೇಳಿದರೂ ಅವಳು ದೂರು ಬರೆಸಿದಳು. ಅದು ವಿಚಾರಣೆಗೆ ಬರುವ ಮೊದಲೇ ಸುಜನ್ ಶಾರ್ಜಾದ ವಿಮಾನ ಹತ್ತಿದ್ದ. ಹೋಗುವಾಗ ಅವನನ್ನು ಕಳಿಸಿಕೊಡಲು ಊರಿನ ಯಾರೂ ಬರಲಿಲ್ಲವಂತೆ. ಆ ಮಾತು ಕೇಳಿದ ದಿನ ತೃಪ್ತಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಗುನುಗಿದಳು. ಬೀಡಿ ಬ್ರಾಂಚಿನ ಹೆಂಗಸರು ಲೋಲಾಕ್ಷಿಯನ್ನು ಸಾಲಿನ ಮುಂದಕ್ಕೆ ಕರೆದರಂತೆ. ಲೋಲಾಕ್ಷಿ ಹೋಗದೆ ತನ್ನ ಜಾಗದಲ್ಲೇ ನಿಂತಳಂತೆ.

ಶೂಟಿಂಗ್ ದಿನ ಸಂಜೆಯೇ ತೃಪ್ತಿ ತಾಯಿಗೆ ಎಲ್ಲ ಹೇಳಿದ್ದಳು. ಲೋಲಾಕ್ಷಿ ಕೇಳಿಸಿಕೊಂಡು ಬೀಡಿ ಕಟ್ಟುವುದನ್ನು ಮುಂದುವರಿಸಿದ್ದಳು. ಮಾಡಿದ್ದು ಅಮ್ಮನಿಗೆ ಹಿಡಿಸಿತೋ, ಹೇಸಿಗೆಯಾಯಿತೋ ಎಂದು ತೃಪ್ತಿಗೆ ತಿಳಿಯಲಿಲ್ಲ.

ಮಾರ್ಚಿನ ಒಂದು ಭಾನುವಾರ ಜಲಜಾಕ್ಷಿ ಅವರ ಅಂಗಳಕ್ಕೆ ಬಂದಳು. ಬಿಸಿಲಿನಲ್ಲಿ ನಡೆದೇ ಬಂದಿದ್ದಳು. ಮೊದಲಿಗಿಂತ ತುಂಬ ಇಳಿದುಹೋಗಿದ್ದಳು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಲೋಲಾಕ್ಷಿ ತಲೆ ಎತ್ತಿ ನೋಡಿದಳು. ಕುಳಿತುಕೊ ಎನ್ನಲಿಲ್ಲ.

"ತಪ್ಪಾಯ್ತು ಲೋಲಾಕ್ಷಿ," ಎಂದಳು ಜಲಜಾಕ್ಷಿ ಅಂಗಳದಲ್ಲೇ ನಿಂತು. "ಅವರು ಹೇಳಿದ ಹಾಗೆ ಕೇಳಿದೆ ನಾನು. ನನಗೂ ಮಗ ಉಳಿಯಲಿ ಅಂತ ಆಸೆ ಇತ್ತು. ಎಂತ ಹೇಳಬೇಕು ಅಂತ ಗೊತ್ತಾಗುವುದಿಲ್ಲ ನನಗೆ."

ಲೋಲಾಕ್ಷಿ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು. ಆಮೇಲೆ ಕೇಳಿದಳು: "ಆ ದಿನ ಎಷ್ಟು ಹೊತ್ತು ನಂಬಿದೆ ನೀನು, ಮಗ ಹೋದ ಅಂತ?"

ಜಲಜಾಕ್ಷಿ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಮನೆಯಿಂದ ಸೇತುವೆ ಮುಟ್ಟುವವರೆಗೆ. ಕಾಲು ಗಂಟೆ ಇರಬಹುದು. ಆದರೆ ಲೋಲಾಕ್ಷಿ, ಆ ಕಾಲು ಗಂಟೆಯಲ್ಲಿ ನಾನು..."

ಲೋಲಾಕ್ಷಿ ಎದ್ದು ಒಳಗೆ ಹೋಗಿ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಜಗಲಿಯ ತುದಿಯಲ್ಲಿಟ್ಟಳು. ಬಿಸಿಲಲ್ಲಿ ಬಂದವರಿಗೆ ಕೊಡುವಂಥದ್ದು. ಜಲಜಾಕ್ಷಿ ನಿಂತೇ ಕುಡಿದಳು. ಲೋಟ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತು ಕಾದು ನೋಡಿ, ಬಂದ ದಾರಿಯಲ್ಲೇ ಹೊರಟು ಹೋದಳು.

ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದ ತೃಪ್ತಿ ಹೊರಗೆ ಬಂದಳು. ಅಷ್ಟು ದಿನ ಎದೆಯೊಳಗೆ ಬಿಗಿಯಾಗಿದ್ದುದು, ಆ ಹೆಂಗಸಿನ ಬಗ್ಗಿದ ಬೆನ್ನು ನೋಡಿ ಸ್ವಲ್ಪ ಸಡಿಲವಾದಂತೆ ಅವಳಿಗೆ ಅನಿಸಿತ್ತು. ಅಮ್ಮನಿಗೂ ಹಾಗೇ ಆಗಿರಬೇಕು ಎಂದುಕೊಂಡಳು.

ಲೋಲಾಕ್ಷಿ ಲೋಟವನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ದಾರಿಯ ತಿರುವಿನಲ್ಲಿ ಜಲಜಾಕ್ಷಿ ಮರೆಯಾಗುವವರೆಗೂ ಅವಳ ಕಣ್ಣು ಅಲ್ಲೇ ಇತ್ತು.

"ಕಾಲು ಗಂಟೆಯಂತೆ," ಎಂದಳು ಮಗಳ ಕಡೆ ನೋಡದೆ. "ಕಡಿಮೆ ಆಯ್ತು."